ಮೂರನೆಯ ಬೇಸಿನಲ್ಲಿ ನಿಂತವರನ್ನು ಪ್ರಶ್ನಿಸದಿರುವ ಬಗ್ಗೆ

ಗೃಹ ಇಲಾಖೆ
(ಅಡುಗೆಮನೆ ಶಾಖೆ)

ಸಂಖ್ಯೆ: ಗೃಇ/ಅಶಾ/ಬೇಬಾ/ಊಟದ ಮೇಜು/ತುರ್ತು
ದಿನಾಂಕ: ಗುರುವಾರ, ಬಟ್ಟೆ ನೆನೆಹಾಕಿದ ನಂತರ, ಹಿಂಡುವ ಮೊದಲು

ಸುತ್ತೋಲೆ

ವಿಷಯ: ‘ಬೇಸ್‌ಬಾಲ್’ ಎಂಬ ಪದದ ಅರ್ಥ ಮತ್ತು ಮೂಲದ ಕುರಿತು ಊಟದ ಮೇಜಿನಲ್ಲಿ ನಡೆಯುತ್ತಿರುವ ವಿಚಾರಣೆಯನ್ನು ಕೊನೆಗಾಣಿಸುವ ಬಗ್ಗೆ, ಹಾಗೂ ತತ್ಸಂಬಂಧ ಮನೆಯೊಳಗೆ ಬೇಸುಗಳನ್ನು ಗುರುತಿಸುವ ಬಗ್ಗೆ.

ಓದಲಾಗಿದೆ:

1. ಭಾನುವಾರದ ಪಂದ್ಯದ ಕುರಿತು ಮನೆಯ ಯಜಮಾನರು ಎರಡೂ ಹೊತ್ತಿನ ಊಟದಲ್ಲಿ ಮೌಖಿಕವಾಗಿ ಸಲ್ಲಿಸುತ್ತಿರುವ ಪ್ರಶ್ನೆ.

2. ಸದರಿ ಪ್ರಶ್ನೆಗೆ ಮಗಳು ನೀಡಿದ ಉತ್ತರ (ಕೋಣೆಯ ಬಾಗಿಲು ಹಾಕಿಕೊಂಡ ಶಬ್ದ).

3. ಗ್ರಂಥಾಲಯದ ದೊಡ್ಡ ನಿಘಂಟು ಮತ್ತು ಅದರ ಪಕ್ಕದಲ್ಲಿದ್ದ ವಿಶ್ವಕೋಶ. ಇವನ್ನು ಮನೆಗೆ ಕೊಡುವ ಪದ್ಧತಿ ಇಲ್ಲದ ಕಾರಣ, ತರಕಾರಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ನಿಂತೇ ಓದಲಾಗಿದೆ.

4. ಮಗಳ ತಂಡಕ್ಕೆ ತರಬೇತಿ ಕೊಡುವ ಮೇಡಂ ಅವರ ಸಂದೇಶ: “ಶನಿವಾರ ಬೆಳಿಗ್ಗೆ ಮ್ಯಾಚಿಗೆ ಬಂದ್ರೆ ಅವಳ ಜಾಗ ಅವಳಿಗೇ. ಬರ್ಲಿಲ್ಲ ಅಂದ್ರೆ ಬೇರೆಯವ್ರಿಗೆ ಕೊಡ್ಬೇಕಾಗತ್ತೆ. ನನಗೂ ಬೇಜಾರೇ.”

ಪ್ರಸ್ತಾವನೆ:

ಈ ಮನೆಯಲ್ಲಿ ಬೇಸ್‌ಬಾಲ್ ಆಡುವವರು ಒಬ್ಬರು, ಅದರ ಬಗ್ಗೆ ಮಾತಾಡುವವರು ಮೂವರು, ಮಾತು ಮುಗಿಯುವ ತನಕ ಎಂಜಲು ತಟ್ಟೆಗೆ ಕಾಯುವವರು ಒಬ್ಬರು ಎಂಬುದು ಎಲ್ಲರಿಗೂ ತಿಳಿದಿರುವ ವಿಷಯವಾಗಿದೆ.

ಆಟ ಗೊತ್ತಿಲ್ಲದಿದ್ದರೂ ಅಭಿಪ್ರಾಯ ಹೊಂದಿರುವ ಸಿಬ್ಬಂದಿಯ ಅನುಕೂಲಕ್ಕಾಗಿ ಇಲ್ಲಿ ಕೆಲವು ಮಾತು. ಮೈದಾನದ ನಾಲ್ಕು ಮೂಲೆಗೆ ನಾಲ್ಕು ಬೇಸ್. ದಾಂಡಿನಿಂದ ಚೆಂಡು ಹೊಡೆದವರು ಒಂದನೆಯದು, ಎರಡನೆಯದು, ಮೂರನೆಯದು ಎಂದು ಸುತ್ತಿ ಹೊರಟ ಮೂಲೆಗೇ ಮರಳಿದರೆ ಒಂದು ರನ್. ಆ ಕೊನೆಯ ಬೇಸಿಗೆ ಅವರು ಇಟ್ಟಿರುವ ಹೆಸರೇ ಮನೆ. ಬೇಸಿನ ಮೇಲೆ ಕಾಲೂರಿ ನಿಂತಿರುವ ತನಕ ಚೆಂಡು ಹಿಡಿದವರು ಬಂದು ಮುಟ್ಟಿದರೂ ಏನೂ ಆಗುವುದಿಲ್ಲ. ಕಾಲು ಎತ್ತಿದ ಮೇಲೆ ಮುಟ್ಟಿದರೆ ಔಟ್.

ಭಾನುವಾರ ಕೊನೆಯ ಸರದಿಯಲ್ಲಿ ನಮ್ಮವರು ಒಂದು ರನ್ ಹಿಂದಿದ್ದರು. ಮಗಳು ಮೂರನೆಯ ಬೇಸಿನಲ್ಲಿದ್ದಳು. ಚೆಂಡು ಎದುರು ತಂಡದ ಹುಡುಗಿಯ ಕೈ ತಪ್ಪಿ ಹಿಂದಿನ ಬೇಲಿಯ ಕಡೆ ಉರುಳಿತು. ತಂಡದವರೆಲ್ಲ ಒಂದೇ ಸ್ವರದಲ್ಲಿ “ಓಡೇ! ಓಡೇ!” ಎಂದು ಕೂಗಿರುತ್ತಾರೆ. ಮಗಳು ಹೊರಟಳು, ನಡುವೆ ತಟ್ಟನೆ ನಿಂತಳು, ಮತ್ತೆ ಮೂರನೆಯ ಬೇಸಿಗೇ ಹಿಂದಿರುಗಿದಳು. ಅವಳ ನಂತರ ಹೊಡೆಯಲು ಬಂದವಳು ಔಟಾದಳು. ಪಂದ್ಯ ಹೋಯಿತು.

ಅಂದಿನಿಂದ ಮನೆಯ ಯಜಮಾನರು ಕೇಳುತ್ತಿರುವುದು ಒಂದೇ: “ಚೆಂಡು ಅಷ್ಟು ದೂರ ಹೋಗಿತ್ತಲ್ಲ ಮರೀ, ಯಾಕೆ ಓಡ್ಲಿಲ್ಲ?”

ಯಜಮಾನರು ಸರಕು ಗೋದಾಮಿನಲ್ಲಿ ಲಾರಿಗಳನ್ನು ಹಿಂದಕ್ಕೆ ತೆಗೆಸಿ ಕಟ್ಟೆಗೆ ತಂದು ನಿಲ್ಲಿಸುವ ಕೆಲಸದವರು. ಅವರ ಕೈ ನೋಡಿಕೊಂಡು ಲಾರಿ ಚಲಿಸುತ್ತದೆ, ಅವರ ಕೈ ನೋಡಿಕೊಂಡು ನಿಲ್ಲುತ್ತದೆ. ಯಾರನ್ನಾದರೂ “ಯಾಕೆ ಚಲಿಸಲಿಲ್ಲ” ಎಂದು ಕೇಳುವುದು ಅವರಿಗೆ ಉದ್ಯೋಗದಿಂದ ಬಂದ ಅಭ್ಯಾಸವೇ ವಿನಾ ಅದರಲ್ಲಿ ಬೇರೆ ದುರುದ್ದೇಶ ಇರುವುದಿಲ್ಲ. ಇದನ್ನು ಇಲಾಖೆ ದಾಖಲಿಸಿಕೊಂಡಿದೆ.

ಮಗಳು ಉತ್ತರಿಸದ ಕಾರಣ, ಮಾತಾಡುವ ಮೂವರೂ ಸೇರಿ ಉತ್ತರವನ್ನು ಪದದೊಳಗಿಂದಲೇ ಹೊರತೆಗೆಯಲು ನಿರ್ಧರಿಸಿರುತ್ತಾರೆ. ಪದದ ಅರ್ಥ ಸಿಕ್ಕರೆ ಅವಳು ನಿಂತದ್ದು ಸರಿಯೋ ತಪ್ಪೋ ತಾನಾಗಿ ತಿಳಿಯುತ್ತದೆ ಎಂಬುದು ಅವರ ನಂಬಿಕೆ. ತತ್ಸಂಬಂಧ ಸಲ್ಲಿಕೆಯಾದ ಹೇಳಿಕೆಗಳು ಈ ಕೆಳಕಂಡಂತಿವೆ.

ಯಜಮಾನರು: “ಪದದಲ್ಲೇ ಎರಡು ಸಾಮಾನಿದೆ. ಬೇಸ್ ಒಂದು, ಬಾಲ್ ಒಂದು. ಬಾಲ್ ಆ ಕಡೆ ಹೋಯ್ತು ಅಂದ್ಮೇಲೆ ಬೇಸ್ ಬಿಡ್ಬೇಕು ತಾನೆ? ಲಾರಿ ಹೋದ್ಮೇಲೂ ಗೇಟು ತಬ್ಬಿಕೊಂಡು ನಿಲ್ತಾರಾ ಯಾರಾದ್ರೂ?”

ಮಗಳ ಸೋದರಮಾವ (ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸದಿಂದ ನಿವೃತ್ತರಾಗಿ, ಸದ್ಯ ಮನೆಯವರ ಮಾತು ತಿದ್ದುತ್ತಿರುವವರು): “ಭಾವಾ, ಬೇಸ್ ಅಂದ್ರೆ ತಳಪಾಯ. ತಳಪಾಯ ಎದ್ದು ಓಡಿದ್ದನ್ನ ನೀವು ಎಲ್ಲಾದ್ರೂ ನೋಡಿದ್ದೀರಾ? ಹುಡುಗಿ ಪದಕ್ಕೆ ಸರಿಯಾಗೇ ನಿಂತಿದಾಳೆ. ಇನ್ನೊಂದು ವಿಷ್ಯ. ಈ ಆಟಾನ, ಹೆಸರನ್ನ, ಎರಡನ್ನೂ ಒಬ್ಬ ಸೇನಾಧಿಕಾರಿ ಒಂದೇ ಬೇಸಿಗೆಯಲ್ಲಿ ಒಂದು ಹುಲ್ಲುಗಾವಲಲ್ಲಿ ಕೂತು ಕಂಡುಹಿಡಿದಿದ್ದು. ಎಲ್ಲೋ ಓದಿದೀನಿ.”

ಯಜಮಾನರ ತಾಯಿ, ಅಂದರೆ ಅಜ್ಜಿ: “ಸೇನಾಧಿಕಾರಿಗೆ ಬೇರೆ ಕೆಲ್ಸ ಇರ್ಲಿಲ್ವಂತಾ? ಇದು ನಾವು ಆಡ್ತಿದ್ದ ಕಂಬದಾಟ ಕಣ್ರೋ. ಕಂಬ ಹಿಡಿದವ್ರನ್ನ ಮುಟ್ಟೋ ಹಾಗಿಲ್ಲ. ಯಾರೋ ಪುಣ್ಯಾತ್ಮರು ಅದಕ್ಕೊಂದು ಚೆಂಡು ಸೇರ್ಸಿದಾರೆ, ಅಷ್ಟೆ. ನಾನು ಕಂಬ ಬಿಟ್ಟು ಓಡಿದಾಗೆಲ್ಲ ಮಂಡಿ ತರಚ್ಕೊಂಡಿದೀನಿ. ಮಗು ನಿಂತಿದ್ದೇ ಒಳ್ಳೇದಾಯ್ತು.”

ಬೇಸಿಗೆಯಲ್ಲಿ ಆಡುವುದರಿಂದ ಬೇಸ್‌ಬಾಲ್ ಎಂದು ಹೆಸರಾಯಿತೆಂಬ ಪಕ್ಕದ ಮನೆಯ ಕ್ಷೌರಿಕರ ವಾದವನ್ನು ಕಡತಕ್ಕೆ ಸೇರಿಸಿಲ್ಲ.

ಹೀಗೆ ಊಟದ ಮೇಜು ನ್ಯಾಯಾಲಯವಾಗಿ, ಮಗಳು ತಟ್ಟೆ ಹಿಡಿದುಕೊಂಡು ಕೋಣೆಗೆ ಹೋಗಿ ಉಣ್ಣತೊಡಗಿರುತ್ತಾಳೆ. ಮಂಗಳವಾರ ಚೆಂಡು ಹಿಡಿಯುವ ಕೈಗವಸನ್ನು ಹಳೆಯ ಟವೆಲಿನಲ್ಲಿ ಸುತ್ತಿ ಬೀರುವಿನ ಮೇಲೆ ಇಡಲಾಗಿದೆ. “ಏನೇ ಅದು?” ಎಂದು ಕೇಳಿದ್ದಕ್ಕೆ “ಇನ್ಮೇಲೆ ಬೇಕಾಗಲ್ಲ ಅದು” ಎಂಬ ಉತ್ತರ ಬಂದಿದೆ. ಶನಿವಾರ ದೂರವಿಲ್ಲ. ಆದ್ದರಿಂದ ಈ ಸುತ್ತೋಲೆ.

ಸೂಚನೆಗಳು:

1. “ಯಾಕೆ ಓಡಲಿಲ್ಲ” ಎಂಬ ಪ್ರಶ್ನೆಯನ್ನು ತಕ್ಷಣದಿಂದ ಜಾರಿಗೆ ಬರುವಂತೆ ನಿಷೇಧಿಸಲಾಗಿದೆ. ಸದರಿ ಪ್ರಶ್ನೆಯನ್ನು ಕಣ್ಣಿನಿಂದ, ನಿಟ್ಟುಸಿರಿನಿಂದ, ಲೋಟವನ್ನು ಮೇಜಿನ ಮೇಲೆ ಕುಕ್ಕುವುದರಿಂದ, ಅಥವಾ “ಇವತ್ತು ಗಾಳಿ ಎಷ್ಟು ಜೋರಾಗಿ ಓಡ್ತಿದೆ ನೋಡು” ಎಂಬ ಹವಾಮಾನ ವರದಿಯ ರೂಪದಲ್ಲಿ ಕೇಳುವುದಕ್ಕೂ ನಿಷೇಧ ಅನ್ವಯಿಸುತ್ತದೆ.

2. ಸದರಿ ಪ್ರಶ್ನೆಯನ್ನು ಅಜ್ಜಿಯ ಮೂಲಕ ಕೇಳಿಸತಕ್ಕದ್ದಲ್ಲ. ಅಜ್ಜಿಯವರು ಪ್ರಶ್ನೆಯನ್ನು ತೆಗೆದುಕೊಂಡು ಹೋಗಿ, ದಾರಿಯಲ್ಲಿ ಮರೆತು, “ಊಟ ಆಯ್ತಾ” ಎಂದು ಕೇಳಿ ಹಿಂದಿರುಗುತ್ತಿದ್ದರೂ, ಕಳಿಸಿದವರ ಉದ್ದೇಶವನ್ನೇ ಅಪರಾಧವೆಂದು ಪರಿಗಣಿಸಲಾಗುವುದು.

3. ಪದದ ಬಗ್ಗೆ. ಇಲಾಖೆಯು ಓದಿದ ಮಟ್ಟಿಗೆ ಕಂಡುಬಂದಿರುವುದು ಇಷ್ಟು. ‘ಬೇಸ್‌ಬಾಲ್’ ಎಂಬ ಪದ ಸುಮಾರು ಮುನ್ನೂರು ವರ್ಷಗಳಷ್ಟು ಹಳೆಯದು. ಇಂಗ್ಲೆಂಡಿನಲ್ಲಿ ಮಕ್ಕಳಿಗಾಗಿ ಅಚ್ಚಾದ ಒಂದು ಪುಟ್ಟ ಪುಸ್ತಕದಲ್ಲಿ ಅದು ಮೊದಲ ಬಾರಿಗೆ ಅಚ್ಚಿನಲ್ಲಿ ಕಾಣಿಸಿಕೊಂಡಿದೆ. ಅಲ್ಲಿ ಬೇಸುಗಳ ಜಾಗದಲ್ಲಿ ಇದ್ದದ್ದು ಕಂಬಗಳು. (ಇದನ್ನು ಓದಿ ಹೇಳಿದಾಗ ಅಜ್ಜಿಯವರು ಕನ್ನಡಕ ತೆಗೆದು ಸೋದರಮಾವನವರ ಕಡೆ ನೋಡಿದ ರೀತಿ ಅನಗತ್ಯವಾಗಿತ್ತು.) ಸೇನಾಧಿಕಾರಿಯ ಕಥೆಯನ್ನು ಅವರು ತೀರಿಕೊಂಡ ಮೇಲೆ ಬೇರೆಯವರು ಕಟ್ಟಿದ್ದು. ಪದವು ಅವರು ಹುಟ್ಟುವ ಮೊದಲೇ ಅಚ್ಚಾಗಿತ್ತು. ‘ಬೇಸ್’ ಎಂಬುದರ ಬೇರು ಬಹಳ ಹಳೆಯ ಗ್ರೀಕ್ ಭಾಷೆಯಲ್ಲಿದ್ದು, ಅಲ್ಲಿ ಅದಕ್ಕೆ ಹೆಜ್ಜೆ ಎಂದು ಅರ್ಥವಂತೆ. ಆಮೇಲೆ ಹೆಜ್ಜೆ ಊರುವ ಜಾಗ ಎಂದಾಯಿತು, ಆಮೇಲೆ ಕಂಬದ ಬುಡ, ಆಮೇಲೆ ತಳಪಾಯ. ಆಟದ ಬೇಸ್ ಇದೇ ಬೇಸ್ ಹೌದೋ ಅಥವಾ ಬೇರೊಂದು ಹಳೆಯ ಓಟದಾಟದ ಹೆಸರಿನಿಂದ ಬಂದದ್ದೋ ಎಂದು ದೊಡ್ಡ ವಿದ್ವಾಂಸರಿಗೂ ಪೂರ್ತಿ ಖಚಿತವಿಲ್ಲ. ಅವರಿಗೇ ಇಲ್ಲದ ಖಚಿತತೆ ನಮ್ಮ ಊಟದ ಮೇಜಿಗೆ ಬೇಡ.

4. ಮೇಲ್ಕಂಡ ಅಂಶದಿಂದ ಯಾರೊಬ್ಬರೂ ಗೆದ್ದಿರುವುದಿಲ್ಲ. ಯಜಮಾನರು “ಹೆಜ್ಜೆ ಅಂತಿದೆಯಲ್ಲ, ನಾನು ಹೇಳ್ಲಿಲ್ವಾ” ಎಂದೂ, ಮಾವನವರು “ತಳಪಾಯ ಅಂತ್ಲೂ ಇದೆಯಲ್ಲ” ಎಂದೂ ಹೇಳತಕ್ಕದ್ದಲ್ಲ. ಹದಿನೇಳರ ಹುಡುಗಿಯೊಬ್ಬಳು ಮೈದಾನದಲ್ಲಿ ಯಾಕೆ ನಿಂತಳು ಎಂಬುದು ಯಾವ ಸಂಪುಟದಲ್ಲೂ ಇರುವುದಿಲ್ಲ. ನಿಘಂಟಿಗೆ ಕಾಲಿಲ್ಲ, ಅದು ಓಡಿ ನೋಡಿಲ್ಲ.

5. ಬೇಸಿನ ಮೇಲೆ ಕಾಲಿಟ್ಟವರನ್ನು ಮುಟ್ಟುವಂತಿಲ್ಲ ಎಂಬ ಒಂದು ಅಂಶದಲ್ಲಿ ಮಾತ್ರ ಯಾರಿಗೂ ತಕರಾರು ಇಲ್ಲದಿರುವುದರಿಂದ, ಮನೆಯೊಳಗೆ ಈ ಕೆಳಕಂಡ ಸ್ಥಳಗಳನ್ನು ಬೇಸುಗಳೆಂದು ಗುರುತಿಸಲಾಗಿದೆ: ಮುಂಬಾಗಿಲ ಕಾಲೊರಸು, ಫ್ರಿಜ್ಜಿನ ಮುಂದೆ ಬಿರುಕು ಬಿಟ್ಟಿರುವ ಹಾಸುಗಲ್ಲು, ಅಡುಗೆಮನೆ ಕಿಟಕಿಯ ಬಳಿಯ ಮೋಟು ಸ್ಟೂಲು. ಇವುಗಳ ಮೇಲೆ ಇರುವವರನ್ನು ಯಾರೂ ಯಾವ ಪ್ರಶ್ನೆಯನ್ನೂ ಕೇಳತಕ್ಕದ್ದಲ್ಲ. ಊಟದ ಮೇಜಿನಲ್ಲಿ ಮಗಳ ಕುರ್ಚಿಯನ್ನು ಕೊನೆಯ ಬೇಸ್ ಎಂದು ಘೋಷಿಸಲಾಗಿದ್ದು, ಅವಳು ಎದ್ದು ಹೋದಾಗಿನಿಂದ ಅದರ ಮೇಲೆ ಬೆಳೆಯುತ್ತಿರುವ ಮಡಚದ ಬಟ್ಟೆಯ ರಾಶಿಯನ್ನು ಇಂದು ಸಂಜೆಯೊಳಗೆ ತೆರವುಗೊಳಿಸಲಾಗುವುದು.

6. ಸದರಿ ವ್ಯವಸ್ಥೆಯನ್ನು ಬುಧವಾರ ಬೆಳಿಗ್ಗೆ ಬಾಯಿಮಾತಿನಲ್ಲಿ ಜಾರಿಗೆ ತಂದ ಕೂಡಲೇ ದುರುಪಯೋಗ ಆರಂಭವಾಗಿದ್ದು ವಿಷಾದನೀಯ. ಆದ್ದರಿಂದ ಈ ಸ್ಪಷ್ಟೀಕರಣಗಳು:

(ಕ) ಗಿರಣಿಗೆ ಹೋಗಿ ಹಿಟ್ಟು ಬೀಸಿಸಿಕೊಂಡು ಬರಲು ಹೇಳಿದಾಗ ಮಾವನವರು ಕಾಲೊರಸಿನ ಮೇಲೆ ನಿಂತು “ನಾನೀಗ ಬೇಸ್ ಮೇಲಿದೀನಿ ತಂಗೀ, ನನ್ನನ್ನ ಏನೂ ಕೇಳೋ ಹಾಗಿಲ್ಲ” ಎಂದಿರುತ್ತಾರೆ. ಹಿಟ್ಟಿನ ಡಬ್ಬಿಯನ್ನು ಕೈಗೆ ಕೊಡುವುದು ಪ್ರಶ್ನೆಯಲ್ಲ, ಆಜ್ಞೆ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ.

(ಖ) ಮಂಡಿಯ ವ್ಯಾಯಾಮದ ಹೊತ್ತಿಗೆ ಅಜ್ಜಿಯವರು ಮೋಟು ಸ್ಟೂಲಿನ ಮೇಲೆ ಕುಳಿತು “ಕಂಬ ಹಿಡಿದಿದೀನಿ, ಹತ್ರ ಬರ್ಬೇಡ” ಎಂದಿರುತ್ತಾರೆ. ವ್ಯಾಯಾಮ ಕಲಿಸಲು ಬಂದ ದಾದಿ ಅರ್ಧ ಗಂಟೆ ಕಾದು, ಚಹಾ ಕುಡಿದು, ತಾವೇ ವ್ಯಾಯಾಮ ಮಾಡಿಕೊಂಡು ಹೋಗಿರುತ್ತಾರೆ. ಬೇಸ್ ಮೇಲಿದ್ದರೂ ವ್ಯಾಯಾಮದಿಂದ ವಿನಾಯಿತಿ ಇಲ್ಲ.

(ಗ) ಒಂದು ಬೇಸಿನಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇರತಕ್ಕದ್ದಲ್ಲ. ಇದು ಮೂಲ ಆಟದ ನಿಯಮವೂ ಆಗಿದೆ. ಬಿರುಕು ಹಾಸುಗಲ್ಲಿನ ಮೇಲೆ ನಿಂತು ಬೆಣ್ಣೆ ತಿನ್ನುತ್ತಿರುವಾಗ ಸಿಕ್ಕಿಬಿದ್ದ ಇಬ್ಬರು ಒಬ್ಬರನ್ನೊಬ್ಬರು ತಳ್ಳಾಡಿದ್ದು ಇಬ್ಬರ ವಯಸ್ಸಿಗೂ ತಕ್ಕುದಲ್ಲ. ಇಬ್ಬರ ವಯಸ್ಸೂ ಕೂಡಿದರೆ ಪದದ ಅರ್ಧ ವಯಸ್ಸಿನ ಹತ್ತಿರ ಬರುತ್ತದೆ.

(ಘ) ಬೇಸುಗಳು ಸ್ಥಿರಾಸ್ತಿ. ಕಾಲೊರಸನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ, ಬೇಕಾದ ಕಡೆ ಹಾಸಿ, ಅದರ ಮೇಲೆ ನಿಲ್ಲುವುದನ್ನು ನಿಷೇಧಿಸಲಾಗಿದೆ. ಯಜಮಾನರು ಸದರಿ ಕಾಲೊರಸನ್ನು ಮಗಳ ಕೋಣೆಯ ಬಾಗಿಲ ಮುಂದೆ ಹಾಸಿ, ಅದರ ಮೇಲೆ ನಿಂತು, ಬೇಸಿನಿಂದ ಕೇಳಿದ ಪ್ರಶ್ನೆಗೆ ನಿಷೇಧ ತಗಲುವುದಿಲ್ಲ ಎಂಬ ವಾದವನ್ನು ಮುಂದಿಟ್ಟು ಬಾಗಿಲು ಬಡಿದಿರುತ್ತಾರೆ. ವಾದವನ್ನು ತಿರಸ್ಕರಿಸಲಾಗಿದೆ. ಕಾಲೊರಸನ್ನು ಝಾಡಿಸಿ ಸ್ವಸ್ಥಾನಕ್ಕೆ ಮರಳಿಸಲಾಗಿದೆ.

(ಙ) ಒಲೆಯ ಮುಂದೆ ಬೇಸ್ ಗುರುತಿಸಬೇಕೆಂದು ಯಾರೂ ಕೋರಿರುವುದಿಲ್ಲ. ಇಲಾಖೆಯೂ ಕೋರಿಲ್ಲ. ಅಲ್ಲಿ ನಿಂತವರನ್ನು “ಉಪ್ಪೆಲ್ಲಿ”, “ಕಾಲುಚೀಲ ಎಲ್ಲಿ”, “ಹಸಿವಾಗ್ತಿದೆ, ಆಯ್ತಾ” ಎಂದು ಎಂದಿನಂತೆ ಕೇಳಬಹುದು.

7. ಈ ಬೇಸುಗಳನ್ನು ಯಾರಿಗಾಗಿ ಗುರುತಿಸಲಾಯಿತೋ ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಬಳಸಿರುತ್ತಾರೆ. ಮಗಳು ಕಾಲೇಜಿನಿಂದ ಬಂದು, ಕಾಲೊರಸನ್ನು ದಾಟಿ, ಹಾಸುಗಲ್ಲನ್ನು ದಾಟಿ, ಸ್ಟೂಲಿನ ಕಡೆ ತಿರುಗಿಯೂ ನೋಡದೆ ಕೋಣೆಗೆ ಹೋಗಿದ್ದಾಳೆ. ಬೇಸುಗಳಿಂದ ಮಾತ್ರ ಕೆಲಸ ಆಗುವುದಿಲ್ಲವೆಂದು ಇಲಾಖೆಗೆ ಮನವರಿಕೆಯಾದ ಹಿನ್ನೆಲೆಯಲ್ಲಿ, ಮುಂದಿನ ಅಂಶವನ್ನು ಸೇರಿಸುವುದು ಅನಿವಾರ್ಯವಾಗಿದೆ. ಅದನ್ನು ಕುಳಿತುಕೊಂಡು ಓದತಕ್ಕದ್ದು.

8. ಕೈಗಳ ಬಗ್ಗೆ. ಭಾನುವಾರ ಚೆಂಡು ಬೇಲಿಯ ಕಡೆ ಉರುಳಿದಾಗ, ಎದುರು ತಂಡದ ಹುಡುಗಿ ಅದನ್ನು ಎತ್ತಿಕೊಂಡು, ಮುಖಕ್ಕೆ ಕಬ್ಬಿಣದ ಜಾಲರಿ, ಎದೆಗೆ ಕವಚ, ಮೊಣಕಾಲಿಗೆ ಗುರಾಣಿ ಸಮೇತ ಕೊನೆಯ ಬೇಸಿನ ಕಡೆಗೆ ಓಡಿಬರುತ್ತಿದ್ದಳು. ಇತ್ತ ಕಡೆಯಿಂದ ನಮ್ಮ ಮಗಳು. ಆ ಕ್ಷಣದಲ್ಲಿ ಪ್ರೇಕ್ಷಕರ ಸಾಲಿನಿಂದ ಒಂದು ಕೈ ಎತ್ತಲ್ಪಟ್ಟಿರುತ್ತದೆ. ಅಂಗೈ ಪೂರ್ತಿ ಬಿಚ್ಚಿ, ತೋಳು ನೇರ ಮೇಲಕ್ಕೆ. ಲಾರಿಗೂ ಗೋಡೆಗೂ ಒಂದು ಗೇಣು ಉಳಿದಾಗ ಏಳುವಂಥ ಕೈ. ಇಲಾಖೆಯು ಪಕ್ಕದ ಆಸನದಲ್ಲಿ ಹಾಜರಿದ್ದು ಅದನ್ನು ಕಣ್ಣಾರೆ ಕಂಡಿದೆಯಾದರೂ, ಆಗ ಅದರ ಮಹತ್ವ ತಿಳಿದಿರಲಿಲ್ಲ. ಎತ್ತಿದವರಿಗೂ ಎತ್ತಿದ್ದು ತಿಳಿದಿಲ್ಲ. ಕೈ ತಾನಾಗಿಯೇ ಎದ್ದಿದೆ, ತಾನಾಗಿಯೇ ಇಳಿದಿದೆ.

ನಿನ್ನೆ ಸಂಜೆ ಕೂದಲು ಬಾಚುವಾಗ, ಬೆನ್ನು ಈ ಕಡೆ ಇದ್ದುದರಿಂದ, ಮಗಳು ಬಾಯಿ ಬಿಟ್ಟಿರುತ್ತಾಳೆ. ಅವಳ ಹೇಳಿಕೆಯನ್ನು ಇದ್ದ ಹಾಗೆಯೇ ಕೊಡಲಾಗಿದೆ: “_______ ಕೈ ಕಾಣಿಸ್ತಮ್ಮ. ಕಾಲು ನಿಂತೇ ಹೋಯ್ತು. ನಾನೇನು ಯೋಚ್ನೆ ಮಾಡಿ ನಿಂತಿದ್ದಲ್ಲ. ಚಿಕ್ಕೋಳಿದ್ದಾಗಿಂದ ಆ ಕೈ ನೋಡಿದ್ರೆ ನಿಲ್ಲೋದೇ ಅಲ್ವಾ ನಾನು. ಹೇಳ್ಬೇಡ ಮತ್ತೆ. ಗೊತ್ತಾದ್ರೆ ಗೋದಾಮಲ್ಲೂ ಕೈ ಎತ್ತೋವಾಗ ಹಿಂದೆ ಮುಂದೆ ನೋಡ್ತಾರೆ. ಅಷ್ಟರಲ್ಲಿ ಲಾರಿ ಬಂದ್ಬಿಟ್ರೆ?”

ಬಿಟ್ಟ ಸ್ಥಳವನ್ನು ಯಾರೂ ತುಂಬತಕ್ಕದ್ದಲ್ಲ.

9. ಹೇಳಬೇಡ ಎಂದು ಮಗಳು ಇಲಾಖೆಗೆ ಸೂಚಿಸಿದ್ದು ನಿಜ. ಬರೆಯಬೇಡ ಎಂದು ಸೂಚಿಸಿರುವುದಿಲ್ಲ. ನಾಲ್ಕು ದಿನ ಅಪ್ಪನ ಪ್ರಶ್ನೆಯನ್ನು ಅಪ್ಪನಿಗಾಗಿಯೇ ನುಂಗಿಕೊಂಡ ಹುಡುಗಿಯ ಗುಟ್ಟನ್ನು ಕಾಪಾಡುವುದು ದೊಡ್ಡದೋ, ಆ ಹುಡುಗಿಯನ್ನು ಕಾಪಾಡುವುದು ದೊಡ್ಡದೋ ಎಂಬುದನ್ನು ಪಾತ್ರೆ ತಿಕ್ಕುತ್ತಾ ಪರಿಶೀಲಿಸಿ, ಈ ತೀರ್ಮಾನಕ್ಕೆ ಬರಲಾಗಿದೆ.

10. ಎಂಟನೆಯ ಅಂಶವನ್ನು ಓದಿ ಮುಗಿಸಿದವರು ತಕ್ಷಣ ಎದ್ದು ಮಗಳ ಕೋಣೆಗೆ ಹೋಗತಕ್ಕದ್ದಲ್ಲ. ಮೊದಲು ಮುಖ ತೊಳೆದುಕೊಳ್ಳತಕ್ಕದ್ದು. ಟವೆಲ್ ಹಿಂದಿನ ತಂತಿಯ ಮೇಲಿದೆ. “ನನ್ನಿಂದಲೇ ಹಾಳಾಯ್ತು” ಎಂದು ಊಟ ಬಿಡುವುದನ್ನು ನಿಷೇಧಿಸಲಾಗಿದೆ. ಒಬ್ಬರು ಊಟದ ಮೇಜು ಬಿಟ್ಟದ್ದನ್ನು ಸರಿಪಡಿಸಲು ಹೊರಟಾಗ ಇನ್ನೊಬ್ಬರು ಊಟವನ್ನೇ ಬಿಟ್ಟರೆ ಇಲಾಖೆಯ ಬಳಿ ಅಷ್ಟು ಸಿಬ್ಬಂದಿ ಇಲ್ಲ.

11. ಸದರಿ ಕೈಯಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ. ಅದು ಈ ಮನೆಗೆ ಅನ್ನ ಹಾಕಿದ ಕೈ. ಅದನ್ನು ನಂಬಿ ಹಿಂದೆ ತಿರುಗಿ ನೋಡದೆ ಬಂದ ಯಾವ ಚಾಲಕರೂ ಗೋಡೆಗೆ ಗುದ್ದಿಲ್ಲ. ಸೈಕಲ್ ಕಲಿಯುವಾಗ ಮಗಳು ಬೀದಿಯ ತಿರುವಿನಲ್ಲಿ ನಿಂತಿದ್ದು, ನೀರಿನ ಟ್ಯಾಂಕರು ಅವಳನ್ನು ದಾಟಿ ಹೋಗಿದ್ದು, ಅದೇ ಕೈಯಿಂದ. ಹೆದರಿದ ಪ್ರೀತಿಗೆ ಮೈದಾನ ಯಾವುದು, ಗೋದಾಮು ಯಾವುದು ಎಂದು ತಿಳಿಯುವುದಿಲ್ಲ, ಅಷ್ಟೆ. ಆದಕಾರಣ ಗೋದಾಮಿನಲ್ಲಿ ಕೈಯನ್ನು ಎಂದಿನಂತೆ, ಹಿಂದೆ ಮುಂದೆ ನೋಡದೆ, ಪೂರ್ತಿ ಎತ್ತತಕ್ಕದ್ದು. ಈ ವಿಷಯದಲ್ಲಿ ಸಡಿಲಿಕೆ ಕಂಡುಬಂದರೆ ನಿರ್ದಾಕ್ಷಿಣ್ಯ ಕ್ರಮ ಜರುಗಿಸಲಾಗುವುದು.

12. ಮಗಳಿಗೆ ಪ್ರತ್ಯೇಕ ಸೂಚನೆ. ಅಮ್ಮ ಹೇಳಿಬಿಟ್ಟಳು ಎಂದು ಮುನಿಸಿಕೊಳ್ಳಲು ಹಕ್ಕಿದೆ. ಅದನ್ನು ಕಂತಿನಲ್ಲಿ ತೀರಿಸಬಹುದು. ಆದರೆ ಇನ್ನು ಮುಂದೆ ಬೇರೆಯವರ ಮನಸ್ಸು ನೋಯದಿರಲೆಂದು ನಿನ್ನ ಕೈಗವಸನ್ನು ಟವೆಲಿನಲ್ಲಿ ಸುತ್ತಿಡತಕ್ಕದ್ದಲ್ಲ. ಅದು ನನ್ನ ಟವೆಲು ಕೂಡ.

13. ಶನಿವಾರದ ವ್ಯವಸ್ಥೆ. ಹೋಗಲೇಬೇಕೆಂದು ಆದೇಶಿಸಲು ಇಲಾಖೆಗೆ ಅಧಿಕಾರವಿಲ್ಲ. ಮಗಳು ಹೋಗುವುದಾದಲ್ಲಿ, ಈ ಮುಂದಿನ ನಿಯಮಗಳು ಅನ್ವಯಿಸುತ್ತವೆ. ಯಜಮಾನರು ಪ್ರೇಕ್ಷಕರ ಸಾಲಿನಲ್ಲಿ ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದು ಕೈಯಲ್ಲಿ ಅಜ್ಜಿಯವರ ಕೊಡೆ ಹಿಡಿದಿರತಕ್ಕದ್ದು. ಎರಡನ್ನೂ ಕೆಳಗಿಡಬೇಕಾದ ಪ್ರಸಂಗ ಬಂದರೆ ಎರಡೂ ಕೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡು ಕೂರತಕ್ಕದ್ದು. ಕೈ ಎತ್ತದೆ ಇರಲು ಸಾಧ್ಯವೇ ಇಲ್ಲ ಎನಿಸಿದರೆ, ಮೈದಾನಕ್ಕೆ ಬೆನ್ನು ಮಾಡಿ, ನಿಲ್ಲಿಸಿರುವ ಬಸ್ಸುಗಳ ಕಡೆಗೆ ಎತ್ತಬಹುದು. ಅವು ಹೇಗೂ ನಿಂತಿರುತ್ತವೆ.

14. ಮಾವನವರು ಮೈದಾನದಲ್ಲಿ ಅಂಪೈರ್ ಬಳಿಗೆ ಹೋಗಿ ಪದದ ಮೂಲ ವಿವರಿಸತಕ್ಕದ್ದಲ್ಲ.

15. ಅಜ್ಜಿಯವರು ಮೊದಲನೆಯ ಬೇಸಿನ ಹುಡುಗಿಯನ್ನು ಕರೆದು “ನಿಮ್ಮ ಕಡೆ ಇದಕ್ಕೆ ಕಂಬ ಇರಲ್ವಾ ಕಂದಾ” ಎಂದು ಕೇಳತಕ್ಕದ್ದಲ್ಲ. ಕೇಳಿಯೇ ತೀರುತ್ತಾರೆಂದು ತಿಳಿದಿರುವುದರಿಂದ, ಆ ಹುಡುಗಿಯ ಕ್ಷಮೆಯನ್ನು ಮುಂಗಡವಾಗಿ ಕೋರಲಾಗಿದೆ.

16. ಮಗಳು ಮತ್ತೊಮ್ಮೆ ಮೂರನೆಯ ಬೇಸಿನಲ್ಲಿ ನಿಂತರೂ, ಓಡಿದರೂ, ಓಡಿ ಔಟಾದರೂ, ಬಿದ್ದು ಮಂಡಿ ತರಚಿಕೊಂಡರೂ, ಮನೆಗೆ ಬಂದ ಮೇಲೆ ಕೇಳಬಹುದಾದ ಪ್ರಶ್ನೆ ಒಂದೇ: “ಹಸಿವಾ?” ಈ ಪ್ರಶ್ನೆಗೆ ಅರ್ಥ, ಮೂಲ, ವ್ಯುತ್ಪತ್ತಿ ಯಾವುದನ್ನೂ ಹುಡುಕತಕ್ಕದ್ದಲ್ಲ.

ಈ ಸುತ್ತೋಲೆಯ ಅಂಶಗಳನ್ನು ಮನೆಯ ಎಲ್ಲರೂ ಚಾಚೂ ತಪ್ಪದೆ ಪಾಲಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ. ಅನುಮಾನಗಳಿದ್ದಲ್ಲಿ ಬಟ್ಟೆ ಹಿಂಡಿ ಒಣಹಾಕುವ ವೇಳೆಯಲ್ಲಿ ಬಂದು, ಒಂದು ತುದಿ ಹಿಡಿದುಕೊಂಡು, ಕೇಳಬಹುದು.

(ಸಹಿ)
ಗೃಹ ಕಾರ್ಯದರ್ಶಿ, ಪ್ರಭಾರ
(ಪೂರ್ಣಕಾಲಿಕ ಹುದ್ದೆ ಮಂಜೂರಾಗಿಲ್ಲ)

ಪ್ರತಿಗಳು (ಕಚೇರಿ ಪ್ರತಿಯಲ್ಲಿ ನಮೂದಿಸಿದ ಬಟವಾಡೆ ಷರಾ ಸಹಿತ):

1. ಮಗಳ ಸೋದರಮಾವ ಅವರಿಗೆ, ಮಾಹಿತಿಗಾಗಿ. ಪ್ರತಿ ತಲುಪಿದೆ. ಎರಡು ಅಲ್ಪವಿರಾಮ ಸೇರಿಸಿ ಹಿಂದಿರುಗಿಸಿದ್ದಾರೆ. ಎಂಟನೆಯ ಅಂಶದಲ್ಲಿ ಏನನ್ನೂ ತಿದ್ದಿರುವುದಿಲ್ಲ. ಯಾರೂ ಹೇಳದೆಯೇ ಹಿಟ್ಟಿನ ಡಬ್ಬಿ ತೆಗೆದುಕೊಂಡು ಗಿರಣಿಗೆ ಹೋಗಿರುತ್ತಾರೆ.

2. ಅಜ್ಜಿಯವರಿಗೆ, ದಪ್ಪ ಅಕ್ಷರದಲ್ಲಿ. ಕನ್ನಡಕ ಸಿಗದ ಕಾರಣ ಓದಿ ಹೇಳಲಾಯಿತು. “ಅವನು ಚಿಕ್ಕೋನಿದ್ದಾಗ ನಾನು ಹಾಗೇ ಕೈ ಎತ್ತಿ ನಿಲ್ಲಿಸ್ತಿದ್ದೆ” ಎಂದು ಹೇಳಿಕೆ ನೀಡಿದ್ದಾರೆ. ಪ್ರತ್ಯೇಕ ಕಡತ ತೆರೆಯುವ ಅಗತ್ಯ ಕಂಡುಬಂದಿಲ್ಲ.

3. ಪಕ್ಕದ ಮನೆಯ ಕ್ಷೌರಿಕರಿಗೆ, ಅವರು ಕೇಳದಿದ್ದರೂ.

4. ಮನೆಯ ಯಜಮಾನರಿಗೆ, ಕಡ್ಡಾಯ ಪಾಲನೆಗಾಗಿ. ಗೋದಾಮಿನಿಂದ ಬಂದ ಕೂಡಲೇ ಕೊಡಲಾಯಿತು. ಕುಳಿತುಕೊಂಡು ಓದಿದರು. ಮುಖ ತೊಳೆದರು. ಹಿಂದಿನ ತಂತಿಯ ಬಳಿ ಬಹಳ ಹೊತ್ತು ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದುದು ಕಿಟಕಿಯಿಂದ ಕಂಡುಬಂದಿದೆ. ನಂತರ ಕುರ್ಚಿಯ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ತಾವೇ ಮಡಚಿ ಇಟ್ಟಿದ್ದಾರೆ. ಮಡಿಕೆ ಸರಿಯಿಲ್ಲ. ಹಾಗೆಯೇ ಬಿಡಲಾಗಿದೆ.

5. ಮಗಳಿಗೆ, ಬಾಗಿಲ ಸಂದಿಯ ಮೂಲಕ. ಆಮೇಲೆ ಅದೇ ಸಂದಿಯಿಂದ ಪ್ರತಿ ಹಿಂದಿರುಗಿ ಬಂದಿದ್ದು, ಹದಿಮೂರನೆಯ ಅಂಶದಲ್ಲಿ ಬಾಟಲಿ, ಕೊಡೆ, ತೊಡೆ, ಬಸ್ಸು ಎಲ್ಲವನ್ನೂ ಪೆನ್ಸಿಲಿನಿಂದ ಹೊಡೆದುಹಾಕಿ, ಅಂಚಿನಲ್ಲಿ ಹೀಗೆ ಬರೆಯಲಾಗಿದೆ: “ಅಪ್ಪ ಹೇಗೆ ಬೇಕಾದ್ರೂ ಕೈ ಎತ್ಲಿ. ಓಡೋವಾಗ ನಾನು ಆ ಕಡೆ ನೋಡಲ್ಲ. ಶನಿವಾರ ಬೇಗ ಎಬ್ಸು.”

ತಿದ್ದುಪಡಿಯನ್ನು ಅಂಗೀಕರಿಸಲಾಗಿದೆ.